ಜೀವನಚರಿತ್ರೆಯಲ್ಲಿ ನಿಜ ಎಷ್ಟು, ಕಲ್ಪನೆ ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಜೀವನಚರಿತ್ರೆ ಓದುವವರು, ಬರೆಯುವವರು, ಮನೆಯ ಹಿರಿಯರ ಬದುಕನ್ನು ಪುಸ್ತಕ ಮಾಡಲು ಹೊರಟವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಎರಡು ಮಾತಿನ ಉತ್ತರ ಸಾಕು. ಕೆಲವಕ್ಕೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು.

ಜೀವನಚರಿತ್ರೆ ಅಂದರೆ ನಿಜ, ಕಾದಂಬರಿ ಅಂದರೆ ಕಲ್ಪನೆ. ಇದರಲ್ಲಿ ಗೊಂದಲ ಏನಿದೆ?

ಯಾರ ಬದುಕೂ ಪೂರ್ತಿಯಾಗಿ ದಾಖಲೆಯಲ್ಲಿ ಉಳಿಯುವುದಿಲ್ಲ. ಹುಟ್ಟಿದ ದಿನ ಸಿಗುತ್ತದೆ. ಕೆಲಸಕ್ಕೆ ಸೇರಿದ ವರ್ಷ ಸಿಗುತ್ತದೆ. ನಾಲ್ಕಾರು ಕಾಗದ, ಒಂದೆರಡು ಫೋಟೊ ಸಿಗಬಹುದು. ಆ ಮನುಷ್ಯ ಕೆಲಸ ಬಿಟ್ಟು ಬಂದ ರಾತ್ರಿ ಮನೆಯಲ್ಲಿ ಏನು ಮಾತಾಯಿತು ಅನ್ನುವುದು ಸಿಗುವುದಿಲ್ಲ. ಓದುಗರಿಗೆ ಬೇಕಾಗಿರುವುದು ಆ ರಾತ್ರಿಯೇ.

ಬರೆಯುವವರು ಅಲ್ಲಿ "ಗೊತ್ತಿಲ್ಲ" ಎಂದು ಮುಂದೆ ಹೋಗಬಹುದು. "ಹೀಗಾಗಿರಬಹುದು" ಎಂದು ಊಹೆಯನ್ನು ಊಹೆ ಅಂತಲೇ ಬರೆಯಬಹುದು. ಇಲ್ಲವೇ ತಾವೇ ಆ ಕೋಣೆಯಲ್ಲಿ ಕೂತು ಕೇಳಿದವರ ಹಾಗೆ ಮಾತಿಗೆ ಮಾತು ಬರೆದುಬಿಡಬಹುದು. ಗೊಂದಲ ಹುಟ್ಟುವುದು ಈ ಕೊನೆಯ ದಾರಿ ಹಿಡಿದಾಗ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಪಿಸಿಕೊಳ್ಳುವುದರಲ್ಲಿ ತಪ್ಪಿಲ್ಲ, ಕಲ್ಪಿಸಿದ್ದನ್ನು ಓದುಗರಿಂದ ಮುಚ್ಚಿಡಬಾರದು ಅಷ್ಟೇ. ಕೆಳಗಿನ ಉತ್ತರಗಳೆಲ್ಲ ಈ ನಿಲುವಿನಿಂದಲೇ ಬಂದವು.

ಇದು ಈಚಿನ ಕಾಲದ ಸಮಸ್ಯೆಯಾ?

ಖಂಡಿತ ಅಲ್ಲ. ಏಳನೆಯ ಶತಮಾನದಲ್ಲಿ ಬಾಣಭಟ್ಟ ತನ್ನ ರಾಜ ಹರ್ಷನ ಬದುಕನ್ನು ಗದ್ಯಕಾವ್ಯವಾಗಿ ಬರೆದ. ಅದನ್ನು ಆಖ್ಯಾಯಿಕೆ ಎಂದರು, ಅಂದರೆ ನಡೆದದ್ದನ್ನು ಹೇಳುವ ಬರಹ. ಮನಸ್ಸಿನಿಂದ ಕಟ್ಟಿದ್ದನ್ನು ಕಥೆ ಎಂದರು. ಪಂಡಿತರು ಎರಡಕ್ಕೂ ಬೇರೆ ಬೇರೆ ಲಕ್ಷಣ ಬರೆದಿಟ್ಟರು. ದಂಡಿ ಇದನ್ನು ಒಪ್ಪಲಿಲ್ಲ. ಕಥೆ, ಆಖ್ಯಾಯಿಕೆ ಎರಡೂ ಒಂದೇ ಜಾತಿ, ಹೆಸರು ಮಾತ್ರ ಎರಡು ಎಂದು ಕಾವ್ಯಾದರ್ಶದಲ್ಲಿ ಹೇಳಿಬಿಟ್ಟ. ನಮ್ಮ ಕವಿರಾಜಮಾರ್ಗ ಬಹಳ ಕಡೆ ಅನುಸರಿಸುವುದು ಇದೇ ಕಾವ್ಯಾದರ್ಶವನ್ನು.

ಅದಾದ ಮೇಲೆ ಪಂಪ ಬಂದ. 941ರಲ್ಲಿ ಅವನು ಭಾರತದ ಕಥೆ ಬರೆದಾಗ, ತನಗೆ ಆಶ್ರಯ ಕೊಟ್ಟ ಅರಿಕೇಸರಿಯನ್ನೇ ಅರ್ಜುನನ ಜಾಗದಲ್ಲಿ ನಿಲ್ಲಿಸಿದ. ಹಾಗೆ ಮಾಡಿದ್ದಕ್ಕೆ ಕಥೆಯೂ ಬದಲಾಗಬೇಕಾಯಿತು. ಪಂಪನ ದ್ರೌಪದಿ ಅರ್ಜುನನೊಬ್ಬನ ಹೆಂಡತಿ. ಯುದ್ಧ ಮುಗಿದ ಮೇಲೆ ಪಟ್ಟ ಕಟ್ಟಿಸಿಕೊಳ್ಳುವವನೂ ಅರ್ಜುನನೇ, ಪಕ್ಕದಲ್ಲಿ ಕೂರುವವಳು ಸುಭದ್ರೆ. ಬದುಕಿರುವ ರಾಜನೊಬ್ಬನ ಮರ್ಯಾದೆಗಾಗಿ ಎಲ್ಲರಿಗೂ ಗೊತ್ತಿದ್ದ ಕಥೆಯೇ ತಿದ್ದುಪಡಿಯಾಯಿತು. ಆದರೆ ಪಂಪ ಇದನ್ನು ಕದ್ದುಮುಚ್ಚಿ ಮಾಡಲಿಲ್ಲ. ರಾಜನನ್ನು ಕಿರೀಟಿಗೆ ಹೋಲಿಸಬೇಕು ಅನ್ನುವ ಆಸೆ ತನಗಾಗಿದೆ ಎಂದು ಶುರುವಿನಲ್ಲೇ ಹೇಳಿಕೊಂಡ. ಅದಕ್ಕೇ ಪಂಪನ ಬಗ್ಗೆ ನನಗೆ ತಕರಾರಿಲ್ಲ.

ಅಲ್ಲಮಪ್ರಭುವಿನ ಬದುಕಿನ ಬಗ್ಗೆ ಎರಡು ಬೇರೆ ಬೇರೆ ಕಥೆ ಓದಿದ್ದೇನೆ. ಯಾವುದು ನಿಜ?

ಈ ವಿಷಯದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಹರಿಹರ ಅಲ್ಲಮನ ಕಾಲಕ್ಕೆ ಹತ್ತಿರದವನು. ಅವನ ರಗಳೆಯಲ್ಲಿ ಅಲ್ಲಮ ಬಳ್ಳಿಗಾವಿಯ ಹುಡುಗ, ಮದ್ದಳೆ ಬಾರಿಸುವವನು. ಕಮಲತೆ ಎಂಬ ಹೆಣ್ಣಿಗೆ ಮನಸೋಲುತ್ತಾನೆ. ಇಬ್ಬರೂ ಸುಖವಾಗಿರುತ್ತಾರೆ. ಆಮೇಲೆ ಅವಳು ಜ್ವರ ಬಂದು ಸಾಯುತ್ತಾಳೆ. ಅಲ್ಲಮ ಹುಚ್ಚನ ಹಾಗೆ ಅಲೆಯುತ್ತಾನೆ. ಒಂದು ತೋಟದಲ್ಲಿ ಕೂತು, ಎತ್ತಲೋ ನೋಡುತ್ತಾ ಕಾಲಿನ ಉಗುರಿನಿಂದ ನೆಲ ಕೆರೆಯುತ್ತಿರುವಾಗ, ಮಣ್ಣಿನೊಳಗಿಂದ ಚಿನ್ನದ ಕಳಶದ ತುದಿ ಕಾಣುತ್ತದೆ. ಅಗೆಸಿ ನೋಡಿದರೆ ಕೆಳಗೊಂದು ಗುಡಿ. ಒಳಗೆ ಅನಿಮಿಷಯ್ಯ ಕೂತಿದ್ದಾನೆ, ಅಂಗೈಯಲ್ಲಿ ಲಿಂಗ. ಆ ಲಿಂಗ ಅಲ್ಲಮನ ಕೈ ಸೇರುತ್ತದೆ.

ಇನ್ನೊಂದು ಕಥೆ ಚಾಮರಸನದು. ಅವನು ಹದಿನೈದನೆಯ ಶತಮಾನದವನು, ವಿಜಯನಗರದ ಪ್ರೌಢದೇವರಾಯನ ಕಾಲದವನು. ಅವನ ಪ್ರಭುಲಿಂಗಲೀಲೆಯಲ್ಲಿ ಕಮಲತೆ ಇಲ್ಲವೇ ಇಲ್ಲ. ಅಲ್ಲಿರುವುದು ಬನವಾಸಿಯ ರಾಜಕುಮಾರಿ ಮಾಯೆ. ಅವಳು ಅಲ್ಲಮನಿಗಾಗಿ ಹಂಬಲಿಸುತ್ತಾಳೆ. ಅಲ್ಲಮ ಅವಳ ಕೈಗೆ ಸಿಗುವುದೇ ಇಲ್ಲ. ಒಂದರಲ್ಲಿ ಪ್ರೀತಿಸಿ, ಕಳೆದುಕೊಂಡು, ದುಃಖದಿಂದ ದಾರಿ ಕಂಡವನು. ಇನ್ನೊಂದರಲ್ಲಿ ಯಾವುದಕ್ಕೂ ಸಿಕ್ಕಿಬೀಳದೆ ಹುಟ್ಟಿನಿಂದಲೇ ಗೆದ್ದವನು.

ಇಬ್ಬರು ಕವಿಗಳ ನಡುವೆ ಎರಡು ಶತಮಾನ ಕಳೆದಿತ್ತು. ಅಷ್ಟರಲ್ಲಿ ಅಲ್ಲಮ ಎಲ್ಲ ಶರಣರಿಗೂ ಗುರು, ಶೂನ್ಯಸಿಂಹಾಸನದಲ್ಲಿ ಕೂತವನು. ಅಂಥವನು ಒಬ್ಬ ಹೆಣ್ಣಿಗಾಗಿ ಅತ್ತ ಅನ್ನುವುದು ಭಕ್ತರಿಗೆ ಕಷ್ಟವಾಗಿರಬೇಕು, ಅಲ್ವಾ? ಇದು ನನ್ನ ಊಹೆ. ಅಕ್ಕಮಹಾದೇವಿಯ ಕಥೆಗೂ ಹೀಗೇ ಆಗಿದೆ. ಹರಿಹರನಲ್ಲಿ ಅವಳು ಷರತ್ತು ಹಾಕಿ ಕೌಶಿಕನನ್ನು ಮದುವೆಯಾಗುತ್ತಾಳೆ, ಅವನು ಷರತ್ತು ಮುರಿದಾಗ ಹೊರಟುಹೋಗುತ್ತಾಳೆ. ಚಾಮರಸನಲ್ಲಿ ಮದುವೆಯೇ ನಡೆಯುವುದಿಲ್ಲ.

ಯಾವುದು ನಿಜ ಎಂದರೆ, ಹರಿಹರ ಹತ್ತಿರದವನು ಎಂಬ ಕಾರಣಕ್ಕೇ ಅವನದೆಲ್ಲ ನಡೆದದ್ದು ಎನ್ನಲಾಗದು. ಹೂತುಹೋದ ಗುಡಿಯ ಕಳಶ ಕಾಲುಗುರಿಗೆ ಸಿಕ್ಕಿತು ಎನ್ನುವುದು ಕವಿ ಕಟ್ಟಿದ ಚಿತ್ರದ ಹಾಗೇ ಇದೆ. ಆದರೆ ಕಮಲತೆಯ ಸಾವಿನಂಥ ಒಂದು ಸಂಗತಿಯನ್ನು ಭಕ್ತ ಕವಿ ಸುಮ್ನೆ ಯಾಕೆ ಕಟ್ಟುತ್ತಾನೆ? ತನ್ನ ನಾಯಕನನ್ನು ಸಾಮಾನ್ಯ ಮನುಷ್ಯನನ್ನಾಗಿ ಮಾಡುವ ಸಂಗತಿಯನ್ನು ಕವಿ ಉಳಿಸಿಕೊಂಡಿದ್ದಾನೆ ಅಂದರೆ, ಅದರ ಹಿಂದೆ ಕೇಳಿ ಬಂದದ್ದು ಏನೋ ಇದ್ದಿರಬಹುದು. ನಾನು ಕಮಲತೆಯನ್ನು ಬಿಟ್ಟುಕೊಡಲಾರೆ.

ಹಾಗಾದರೆ ಶೂನ್ಯಸಂಪಾದನೆಯಲ್ಲಿ ಅಲ್ಲಮ ಮತ್ತು ಅಕ್ಕನ ಸಂಭಾಷಣೆ ನಿಜವಾಗಿ ನಡೆದದ್ದಲ್ಲವಾ?

ವಚನಗಳು ಅವರವು. ಅವು ಕೂತಿರುವ ಜಾಗ ಸಂಪಾದನಕಾರರು ಕೊಟ್ಟದ್ದು. ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ ಹಳೆಯ ವಚನಗಳನ್ನು ಆಯ್ದು, ಒಂದನ್ನು ಪ್ರಶ್ನೆಯ ಜಾಗದಲ್ಲಿ, ಇನ್ನೊಂದನ್ನು ಉತ್ತರದ ಜಾಗದಲ್ಲಿ ಇಟ್ಟು, ನಡುವೆ ತನ್ನ ಗದ್ಯ ಸೇರಿಸಿ ಹೊಲಿದ. ಅವನ ನಂತರ ಇನ್ನೂ ಮೂವರು ಅದನ್ನು ತಿದ್ದಿ ಬೆಳೆಸಿದರು. ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತ ಇರುವ ಸಾಲುಗಳು ಒಂದು ಪದರ. ಅವುಗಳನ್ನು ಜೋಡಿಸಿ ಮಾಡಿದ ಸಭೆ ಇನ್ನೊಂದು ಪದರ.

ಇದು ದೊಡ್ಡ ಕೃತಿ, ಅದರಲ್ಲಿ ಎರಡು ಮಾತಿಲ್ಲ. ಆದರೆ "ಕಲ್ಯಾಣದಲ್ಲಿ ಅಲ್ಲಮ ಹೀಗೆ ಕೇಳಿದ, ಅಕ್ಕ ಹೀಗೆ ಹೇಳಿದಳು" ಎಂದು ಜೀವನಚರಿತ್ರೆಯಲ್ಲಿ ಬರೆಯುವವರು, ಇದು ಶೂನ್ಯಸಂಪಾದನೆಯ ಪ್ರಕಾರ ಎಂದು ಒಂದು ಮಾತು ಸೇರಿಸಬೇಕು.

ಐತಿಹಾಸಿಕ ಕಾದಂಬರಿ ಓದಿ ಇತಿಹಾಸ ತಿಳಿದುಕೊಂಡೆ ಅನ್ನಬಹುದಾ?

ಹೊರಗೆರೆ ತಿಳಿಯುತ್ತದೆ. ಮಾಸ್ತಿಯವರ ಚಿಕವೀರ ರಾಜೇಂದ್ರ 1956ರಲ್ಲಿ ಬಂತು. ಕೊಡಗಿನ ಕೊನೆಯ ರಾಜ, 1834ರಲ್ಲಿ ಕಂಪನಿ ಸರ್ಕಾರ ಅವನ ರಾಜ್ಯ ಕಿತ್ತುಕೊಂಡದ್ದು, ಇವೆಲ್ಲ ದಾಖಲೆಯಲ್ಲಿವೆ. ಅವನು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ ಎನ್ನುವುದೂ ಇದೆ. ಆದರೆ ಅರಮನೆಯೊಳಗೆ ರಾಜ ರಾಣಿ ಆಡಿದ ಮಾತು ಮಾಸ್ತಿಯವರದು. ಆ ಮಾತುಗಳನ್ನು ತಂದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರೆಯಬಾರದು. ಮಾಸ್ತಿಯವರು ಕಾದಂಬರಿ ಎಂದೇ ಹೇಳಿ ಕೊಟ್ಟಿದ್ದಾರೆ.

"ಇದರಲ್ಲಿ ಪ್ರತಿ ಮಾತೂ ನಿಜ" ಎಂದು ಲೇಖಕರೇ ಹೇಳಿದರೆ ನಂಬಬಹುದಾ?

ಅಮೆರಿಕದ ಟ್ರೂಮನ್ ಕಪೋಟಿ ಹಾಗೇ ಹೇಳಿದ್ದ. 1959ರ ನವೆಂಬರ್‌ನಲ್ಲಿ ಕ್ಯಾನ್ಸಾಸ್‌ನ ಹೋಲ್ಕಂಬ್ ಎಂಬ ಊರಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ಅವನು ಅಲ್ಲಿಗೆ ಹೋಗಿ ಊರವರನ್ನು, ಪೊಲೀಸರನ್ನು, ಕೊಲೆಗಾರರನ್ನು ಮಾತಾಡಿಸಿ ಪುಸ್ತಕ ಬರೆದ. 1966ರಲ್ಲಿ ಅದು ಬಂದಾಗ, ಇದು ಕಾದಂಬರಿಯ ರೂಪದಲ್ಲಿರುವ ಪೂರ್ತಿ ನಿಜ ಎಂದ. ಟೇಪ್ ರೆಕಾರ್ಡರ್ ಬಳಸಿರಲಿಲ್ಲ, ತನ್ನ ನೆನಪಿನ ಶಕ್ತಿಯನ್ನೇ ನಂಬಿದ್ದ. ಪುಸ್ತಕ ಮುಗಿಯುವುದು ಸ್ಮಶಾನದಲ್ಲಿ. ತನಿಖೆ ಮಾಡಿದ ಡೂಯಿ ಎಂಬ ಅಧಿಕಾರಿ, ಸತ್ತ ಹುಡುಗಿಯ ಗೆಳತಿಯನ್ನು ಸಮಾಧಿಗಳ ಹತ್ತಿರ ಭೇಟಿಯಾಗಿ ನಾಲ್ಕು ಮಾತಾಡುತ್ತಾನೆ. ಓದುವಾಗ ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಅಂಥ ಭೇಟಿ ನಡೆದೇ ಇಲ್ಲ ಎಂದು ಡೂಯಿಯೇ ಹೇಳಿದರು.

ಇದರ ಪಕ್ಕದಲ್ಲಿ ಆಸ್ಟ್ರೇಲಿಯಾದ ಥಾಮಸ್ ಕೆನೀಲಿಯನ್ನು ಇಟ್ಟು ನೋಡಿ. ನಾಜಿಗಳ ಕಾಲದಲ್ಲಿ ಯಹೂದಿ ಕೆಲಸಗಾರರನ್ನು ಉಳಿಸಿದ ಶಿಂಡ್ಲರ್ ಎಂಬ ಉದ್ಯಮಿಯ ಕಥೆಯನ್ನು ಅವರು ಬರೆದರು. ಬದುಕುಳಿದ 50 ಜನರನ್ನು ಮಾತಾಡಿಸಿದರು. 1982ರಲ್ಲಿ ಅದಕ್ಕೆ ಬೂಕರ್ ಪ್ರಶಸ್ತಿ ಬಂದಾಗ, ಇದು ಕಾದಂಬರಿಯೇ ಅಲ್ಲ, ಇದಕ್ಕೆ ಯಾಕೆ ಕಾದಂಬರಿಯ ಬಹುಮಾನ ಎಂಬ ಗಲಾಟೆಯಾಯಿತು. ಕೆನೀಲಿ ಮುನ್ನುಡಿಯಲ್ಲೇ ಎಲ್ಲ ಬಿಡಿಸಿ ಹೇಳಿದ್ದರು. ಕಾದಂಬರಿಯ ಕೌಶಲ ಬಳಸಿದ್ದೇನೆ, ಆದರೆ ಕಟ್ಟುಕಥೆ ಸೇರಿಸಿಲ್ಲ, ಕೆಲವು ಸಂಭಾಷಣೆಗಳನ್ನು ಮಾತ್ರ ಸಿಕ್ಕಷ್ಟು ವಿವರದಿಂದ ಮತ್ತೆ ಕಟ್ಟಿದ್ದೇನೆ ಎಂದು. ಒಂದು ಪುಟ ಸಾಲದ ಆ ಮಾತು ಇಡೀ ಪುಸ್ತಕವನ್ನು ಕಾಯುತ್ತದೆ. ಕಪೋಟಿಗೆ ಅಷ್ಟೇ ಒಂದು ಪುಟ ಬರೆಯುವುದು ಕಷ್ಟವಿರಲಿಲ್ಲ.

ಜೀವನಚರಿತ್ರೆಯೊಳಗೆ ಇಲ್ಲದ ಪಾತ್ರ ಒಂದನ್ನು ಸೇರಿಸಬಹುದಾ?

ಬೇಡ. ಅಮೆರಿಕದ ಅಧ್ಯಕ್ಷ ರೇಗನ್ ಅವರ ಅಧಿಕೃತ ಜೀವನಚರಿತ್ರೆ ಬರೆದ ಎಡ್ಮಂಡ್ ಮಾರಿಸ್ ಇದನ್ನು ಮಾಡಿ ನೋಡಿದರು. ವರ್ಷಗಟ್ಟಲೆ ಹತ್ತಿರದಿಂದ ನೋಡಿದರೂ ರೇಗನ್ ಅವರ ಮನಸ್ಸು ಕೈಗೆ ಸಿಗಲಿಲ್ಲ. ಕೊನೆಗೆ ತಮ್ಮದೇ ಹೆಸರಿನ ಒಂದು ಪಾತ್ರ ಸೃಷ್ಟಿಸಿ, ಅವನು ರೇಗನ್ ಜೊತೆಗೇ ಬೆಳೆದವನು ಎನ್ನುವ ಹಾಗೆ ಬರೆದರು. ಆ ಪಾತ್ರಕ್ಕೆ ಸುಳ್ಳು ಅಡಿಟಿಪ್ಪಣಿಗಳನ್ನೂ ಕೊಟ್ಟರು. ನಿಜವಾದ ಮಾರಿಸ್ ಹುಟ್ಟಿದ್ದು 1940ರಲ್ಲಿ, ಕೆನ್ಯಾದಲ್ಲಿ! 1999ರಲ್ಲಿ ಪುಸ್ತಕ ಬಂದಾಗ ಆದ ನಷ್ಟ ಏನೆಂದರೆ, ಅವರು ಕಷ್ಟಪಟ್ಟು ಹುಡುಕಿದ ನಿಜವಾದ ದಾಖಲೆಗಳನ್ನೂ ಜನ ಅನುಮಾನದಿಂದ ನೋಡಿದರು. ಅಡಿಟಿಪ್ಪಣಿ ಒಮ್ಮೆ ಸುಳ್ಳು ಹೇಳಿದರೆ ಮುಗಿಯಿತು.

ಹಾಗಾದರೆ ಕಾದಂಬರಿಕಾರರು ಬರೆದ ಬದುಕನ್ನು ನಂಬಲೇಬಾರದಾ?

ಅಷ್ಟು ದೂರ ಹೋಗಬೇಡಿ. ಚಿತ್ರಕಾರ ವ್ಯಾನ್ ಗೋ 1888ರ ಡಿಸೆಂಬರ್‌ನಲ್ಲಿ ತನ್ನ ಕಿವಿ ಕತ್ತರಿಸಿಕೊಂಡ. ಕಿವಿಯ ಹಾಲೆ ಮಾತ್ರವೋ, ಇಡೀ ಕಿವಿಯೋ ಎಂಬ ವಾದ ಬಹಳ ಕಾಲ ನಡೆಯಿತು. ಅವನ ಬದುಕಿನ ಮೇಲೆ 1934ರಲ್ಲಿ ಜನಪ್ರಿಯ ಕಾದಂಬರಿ ಬರೆದವರು ಇರ್ವಿಂಗ್ ಸ್ಟೋನ್. ಅದಕ್ಕೂ ಮುಂಚೆ, 1930ರಲ್ಲಿ, ಅವರು ಫ್ರಾನ್ಸಿನಲ್ಲಿ ವ್ಯಾನ್ ಗೋಗೆ ಚಿಕಿತ್ಸೆ ಮಾಡಿದ್ದ ಡಾಕ್ಟರ್ ರೇ ಅವರನ್ನು ಭೇಟಿಯಾಗಿದ್ದರು. ಡಾಕ್ಟರು ಔಷಧಿ ಚೀಟಿಯ ಮೇಲೇ ಕಿವಿಯ ಚಿತ್ರ ಬರೆದು, ಎಲ್ಲಿ ಕತ್ತರಿಸಿತ್ತು ಎಂದು ಚುಕ್ಕಿ ಗೆರೆ ಎಳೆದು ತೋರಿಸಿದರು. ಇಡೀ ಕಿವಿಯೇ ಹೋಗಿತ್ತು, ಹಾಲೆಯ ಒಂದು ಚೂರು ಮಾತ್ರ ಉಳಿದಿತ್ತು.

ಆ ಚೀಟಿ ಸ್ಟೋನ್ ಅವರ ಕಾಗದಪತ್ರಗಳ ಜೊತೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿತ್ತು. ಬರ್ನಡೆಟ್ ಮರ್ಫಿ ಎಂಬ ಸಂಶೋಧಕಿ ಅದನ್ನು ಹುಡುಕಿ ತೆಗೆದು 2016ರಲ್ಲಿ ಪ್ರಕಟಿಸಿದರು. ವಿದ್ವಾಂಸರ ವಾದಕ್ಕೆ ಬೇಕಾದ ಸಾಕ್ಷಿ ಕಾದಂಬರಿಕಾರರ ಫೈಲಿನಲ್ಲಿ ಇತ್ತು. ಸ್ಟೋನ್ ಕೆಲಸ ಮಾಡಿದ್ದರು. ಆದರೆ ಕಾದಂಬರಿಗೆ ಆಕರ ಹೇಳುವ ಪದ್ಧತಿ ಇಲ್ಲ. ಹಾಗಾಗಿ ಅವರಲ್ಲಿ ಇದ್ದ ನಿಜವೂ ಕಲ್ಪನೆಯ ಲೆಕ್ಕಕ್ಕೆ ಹೋಗುವಂತಾಯಿತು. ಜೀವನಾಧಾರಿತ ಕಾದಂಬರಿ ಬರೆಯುವವರು ಕೊನೆಯಲ್ಲಿ ಎರಡು ಪುಟ ಆಕರಗಳ ಬಗ್ಗೆ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಆತ್ಮಕಥೆ ಬರೆದವರೇ ಅನುಭವಿಸಿದ್ದು. ಅದರಲ್ಲೂ ಕಲ್ಪನೆ ಇರುತ್ತದಾ?

ಇರುತ್ತದೆ. ಐದು ವರ್ಷದವರಿದ್ದಾಗ ಅಮ್ಮ ಆಡಿದ ಮಾತನ್ನು ಐವತ್ತರಲ್ಲಿ ಅಕ್ಷರಕ್ಕೆ ಅಕ್ಷರ ಬರೆಯಲು ಯಾರಿಗೂ ಆಗುವುದಿಲ್ಲ. ಓದುಗರಿಗೂ ಇದು ಗೊತ್ತು. ಇಷ್ಟನ್ನು ಇಬ್ಬರೂ ಒಪ್ಪಿಕೊಂಡಿರುತ್ತಾರೆ.

ತಿರುವುಮುರುವಾಗಿಯೂ ನೋಡಬಹುದು. ಭೈರಪ್ಪನವರ ಗೃಹಭಂಗ 1970ರಲ್ಲಿ ಕಾದಂಬರಿಯಾಗಿ ಬಂತು. ಆತ್ಮಕಥೆ ಭಿತ್ತಿ ಬಂದದ್ದು 1996ರಲ್ಲಿ. ಅದನ್ನು ಓದಿದವರಿಗೆ ಗೃಹಭಂಗದ ನಂಜಮ್ಮನಲ್ಲಿ ಅವರ ತಾಯಿ ಕಾಣುತ್ತಾರೆ, ಪ್ಲೇಗು ಮನೆಗೆ ನುಗ್ಗಿದ ಪುಟಗಳಲ್ಲಿ ಅವರ ಬಾಲ್ಯ ಕಾಣುತ್ತದೆ. ಹಾಗೆಂದು ನಂಜಮ್ಮನ ಪ್ರತಿ ಮಾತನ್ನೂ ಅವರ ತಾಯಿಯ ಬಾಯಿಗೆ ಹಾಕುವುದು ಅನ್ಯಾಯ. ಕಾದಂಬರಿ ಎಂದು ಕರೆದ ಮೇಲೆ, ಬೇಕಾದದ್ದನ್ನು ಸೇರಿಸುವ, ಬಿಡುವ ಹಕ್ಕನ್ನು ಅವರು ಇಟ್ಟುಕೊಂಡಿದ್ದರು.

ದಾಖಲೆಯೇ ಇಲ್ಲದವರ ಬದುಕನ್ನು ಬರೆಯುವುದು ಹೇಗೆ?

ದಾಖಲೆ ದಾಖಲೆ ಎಂದು ಜಾಸ್ತಿ ಹೇಳುವಾಗ ಒಂದು ಅಪಾಯ ಇದೆ. ಶಾಸನ, ಕಡತ, ಕಾಗದ ಎಲ್ಲ ಓದುಬರಹ ಇದ್ದವರ ಕೈಯಲ್ಲಿದ್ದವು. ಸಿದ್ದಲಿಂಗಯ್ಯನವರ ಊರುಕೇರಿಯ ಶುರುವಿನಲ್ಲಿ ಹುಡುಗ ಒಂದು ಹೊಲ ನೋಡುತ್ತಾನೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ. ಹಿಂದೆ ಒಬ್ಬ ನೇಗಿಲು ಹಿಡಿದಿದ್ದಾನೆ. ಎತ್ತಿನ ಹಾಗೆ ನೊಗ ಹೊತ್ತವರಲ್ಲಿ ಒಬ್ಬರು ಅವನ ಅಪ್ಪ. ಇದನ್ನು ಯಾವ ಕಂದಾಯದ ಕಡತವೂ ಬರೆದಿಟ್ಟಿರಲಾರದು. ಆ ಹೊಲ ಯಾರದು, ಕಂದಾಯ ಎಷ್ಟು ಎಂದು ಬರೆದಿಟ್ಟಿರುತ್ತದೆ, ಅಷ್ಟೇ.

ಇಲ್ಲಿ ಒಬ್ಬ ಮಗನ ನೆನಪೇ ದಾಖಲೆ. ಅದಕ್ಕೆ ಬೇರೆ ಪುರಾವೆ ತನ್ನಿ ಎಂದು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಇಂಥ ಬದುಕುಗಳನ್ನು ಬೇರೆಯವರು ಬರೆಯುವಾಗ ಮಾತ್ರ, ಯಾರು ಹೇಳಿದ್ದು, ಯಾವಾಗ ಹೇಳಿದ್ದು ಎಂದು ಬರೆದಿಟ್ಟರೆ ಆ ಬಾಯಿಮಾತಿಗೂ ಕಡತದಷ್ಟೇ ತೂಕ ಬರುತ್ತದೆ.

ವಿಶ್ವೇಶ್ವರಯ್ಯನವರ ಎರಡು ಮೇಣದ ಬತ್ತಿಯ ಕಥೆಯನ್ನು ಪುಸ್ತಕದಲ್ಲಿ ಸೇರಿಸಬಹುದಾ?

ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಶಾಲೆಗೆ ಹೋದವರೆಲ್ಲ ಕೇಳಿದ ಕಥೆ. ಇದನ್ನೇ ದೀಪ ಇಟ್ಟು ಚಾಣಕ್ಯನ ಬಗ್ಗೆ ಹೇಳುತ್ತಾರೆ. ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜ್ ಅವರ ಬಗ್ಗೆಯೂ ಹೇಳುತ್ತಾರೆ. ಒಂದೇ ಘಟನೆ ಮೂರು ಕಾಲದ ಮೂವರ ಹೆಸರಿನಲ್ಲಿ ಓಡಾಡುತ್ತಿದ್ದರೆ ಹುಷಾರಾಗಬೇಕು. "ಜನ ಹೀಗೆ ಹೇಳುತ್ತಾರೆ" ಎಂದು ಸೇರಿಸಿ, ಪರವಾಗಿಲ್ಲ. ಜನ ಅವರನ್ನು ಎಷ್ಟು ನಂಬಿದ್ದರು ಅನ್ನುವುದಕ್ಕೆ ಅದೂ ಒಂದು ಗುರುತು.

ವಾಷಿಂಗ್ಟನ್ ಚಿಕ್ಕವನಿದ್ದಾಗ ಚೆರ್ರಿ ಗಿಡ ಕಡಿದು ಒಪ್ಪಿಕೊಂಡ ಕಥೆಯೂ ಇದೇ ಜಾತಿಯದು. ವೀಮ್ಸ್ ಎಂಬ ಪಾದ್ರಿ ಬರೆದ ಜೀವನಚರಿತ್ರೆಯಲ್ಲಿ ಅದು ಮೊದಲು ಕಾಣಿಸಿಕೊಂಡದ್ದು 1806ರ ಮುದ್ರಣದಲ್ಲಿ, ವಾಷಿಂಗ್ಟನ್ ತೀರಿಕೊಂಡು ಆರೇಳು ವರ್ಷ ಆದ ಮೇಲೆ.

ತಾತನ ಜೀವನಚರಿತ್ರೆ ಬರೆಯುತ್ತಿದ್ದೇನೆ. ಸಂಭಾಷಣೆ ಹಾಕಬಹುದಾ?

ಹಾಕಿ. ಆದರೆ ಮನೆಯಲ್ಲಿ ಯಾರಾದರೂ ಕೇಳಿಸಿಕೊಂಡು ನೆನಪಿಟ್ಟುಕೊಂಡ ಮಾತುಗಳನ್ನು ಮಾತ್ರ ಉದ್ಧರಣ ಚಿಹ್ನೆಯೊಳಗೆ ಇಡಿ. ಉಳಿದದ್ದನ್ನು ಸಾರಾಂಶವಾಗಿ ಹೇಳಿ. ಅತ್ತೆ ಹೇಳಿದ್ದು, ದೊಡ್ಡಪ್ಪ ಹೇಳಿದ್ದು ಬೇರೆ ಬೇರೆಯಾಗಿದ್ದರೆ ಎರಡನ್ನೂ ಬರೆಯಿರಿ. ಒಂದನ್ನು ಒರೆಸಿ ಕಥೆಯನ್ನು ನಯ ಮಾಡಬೇಡಿ. ಕೇಳಿದ್ದನ್ನು "ಅಂತೆ" ಹಾಕಿಯೇ ಬರೆಯಿರಿ. ಅದರಿಂದ ಬರಹ ಸಪ್ಪೆಯಾಗುವುದಿಲ್ಲ.

ಮಾತಾಡಿಸಿದ ದಿನವೇ ಬರೆದಿಡಿ. ಇಂಗ್ಲಿಷಿನಲ್ಲಿ ಜಾನ್ಸನ್ ಅವರ ಜೀವನಚರಿತ್ರೆ ಬರೆದ ಬಾಸ್‌ವೆಲ್‌ನ ಗುಟ್ಟು ಇದೇ. ಅವನು ದಿನಚರಿ ಇಡುತ್ತಿದ್ದ. 1791ರಲ್ಲಿ ಪುಸ್ತಕ ಬಂತು, ಆದರೆ ಆ ದಿನಚರಿಯ ಕಾಗದಗಳು ಡಬ್ಲಿನ್ ಹತ್ತಿರದ ಮಲಹೈಡ್ ಕೋಟೆಯಲ್ಲಿ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಜಾನ್ಸನ್ ಮಾತು, ಎಲ್ಲಿ ಬಾಸ್‌ವೆಲ್ ತಿದ್ದಿದ ಎಂದು ನೋಡಬಹುದು. ನಿಮ್ಮ ಟಿಪ್ಪಣಿ ಪುಸ್ತಕ, ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ಏನನ್ನೂ ಬಿಸಾಡಬೇಡಿ.

ಇಬ್ಬರು ಮೂವರನ್ನು ಸೇರಿಸಿ ಒಂದೇ ಪಾತ್ರ ಮಾಡಬಹುದಾ? ಹೆಸರು ಬದಲಾಯಿಸಬಹುದಾ?

ಹೆಸರು ಬದಲಾಯಿಸಬಹುದು, ಬದಲಾಯಿಸಿದ್ದೇನೆ ಎಂದು ಹೇಳಿದರೆ ಆಯಿತು. ಮೂವರನ್ನು ಒಬ್ಬನನ್ನಾಗಿ ಮಾಡಿದರೆ ಅದು ಕಾದಂಬರಿಯ ಕೆಲಸ. ಆಗ ಮುಖಪುಟದಲ್ಲೂ ಕಾದಂಬರಿ ಎಂದೇ ಹಾಕಿ.

ಮುಖಪುಟದಲ್ಲಿ "ನಿರೂಪಣೆ" ಎಂದು ಇನ್ನೊಬ್ಬರ ಹೆಸರಿದ್ದರೆ ಅದು ಯಾರ ಆತ್ಮಕಥೆ?

ಬದುಕು ಹೇಳಿದವರದು, ವಾಕ್ಯ ಬರೆದವರದು. ರಂಗಭೂಮಿಯವರ, ಆಟಗಾರರ, ಸಿನಿಮಾದವರ ಎಷ್ಟೋ ಆತ್ಮಕಥೆ ಹೀಗೇ ಬರುತ್ತವೆ. ಹೆಸರು ಹಾಕಿರುವುದೇ ಒಳ್ಳೆಯದು. ಬರೆದವರ ಹೆಸರನ್ನೇ ಹಾಕದೆ ಬರುವ ಪುಸ್ತಕಗಳ ಬಗ್ಗೆ ನನಗೆ ಬೇಸರ ಇದೆ.

ಬದುಕಿರುವವರ ಬಗ್ಗೆ ಬರೆದರೆ ಕಾನೂನಿನ ತೊಂದರೆ ಬರುತ್ತದಾ?

ಬರಬಹುದು. 1994ರಲ್ಲಿ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ತಮಿಳುನಾಡಿನ ಜೈಲಿನಲ್ಲಿದ್ದ ಆಟೊ ಶಂಕರ್ ಎಂಬ ಕೈದಿಯ ಆತ್ಮಕಥೆಯನ್ನು ಒಂದು ಪತ್ರಿಕೆ ಪ್ರಕಟಿಸಲು ಹೊರಟಾಗ ಬಂದ ಪ್ರಕರಣ ಅದು. ಸಾರ್ವಜನಿಕ ದಾಖಲೆಗಳಲ್ಲಿ ಇರುವಷ್ಟನ್ನು ಒಪ್ಪಿಗೆ ಇಲ್ಲದೆಯೂ ಪ್ರಕಟಿಸಬಹುದು. ಅದನ್ನು ದಾಟಿ ಖಾಸಗಿ ಬದುಕನ್ನು ಬರೆದರೆ ಖಾಸಗಿತನದ ಹಕ್ಕಿಗೆ ಧಕ್ಕೆಯಾಗಬಹುದು. ನೀವು ಕಲ್ಪಿಸಿದ ದೃಶ್ಯ ಯಾವ ದಾಖಲೆಯಲ್ಲೂ ಇರುವುದಿಲ್ಲ, ಹಾಗಾಗಿ ಅಲ್ಲಿ ಆ ರಕ್ಷಣೆ ಸಿಗುವುದು ಕಷ್ಟ.

ತೀರಿಕೊಂಡವರ ಬಗ್ಗೆ ಏನು ಬೇಕಾದರೂ ಬರೆಯಬಹುದು ಎಂದುಕೊಂಡವರಿದ್ದಾರೆ. ಹಾಗಿಲ್ಲ. ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನ ಪ್ರಕಾರ, ಮನೆಯವರ ಮನಸ್ಸು ನೋಯಿಸುವ ಉದ್ದೇಶದಿಂದ ಸತ್ತವರ ಮೇಲೆ ಹೊರಿಸುವ ಆರೋಪವೂ ಮಾನನಷ್ಟವಾಗಬಹುದು. ಅಚ್ಚಿಗೆ ಕೊಡುವ ಮುಂಚೆ ವಕೀಲರಿಗೆ ಒಮ್ಮೆ ತೋರಿಸಿ.

ಸಿನಿಮಾದಲ್ಲಿ "ನಿಜ ಘಟನೆಗಳನ್ನು ಆಧರಿಸಿದ್ದು" ಎಂದು ಹಾಕುತ್ತಾರಲ್ಲ, ಅಷ್ಟು ಸಾಕಲ್ವಾ?

ಸಾಲದು. ಎಷ್ಟು ಆಧರಿಸಿದೆ ಎಂದು ಆ ಸಾಲು ಹೇಳುವುದಿಲ್ಲ.

ಜೀವನಚರಿತ್ರೆ ಕೊಳ್ಳುವಾಗ ಏನು ನೋಡಬೇಕು?

ಅಂಗಡಿಯಲ್ಲೇ ನಿಂತು ಲೇಖಕರ ಮಾತು ಓದಿ. ಯಾರನ್ನು ಮಾತಾಡಿಸಿದೆ, ಯಾವ ಕಾಗದ ನೋಡಿದೆ, ಏನು ಸಿಗಲಿಲ್ಲ ಎಂದು ಅಲ್ಲಿ ಇದೆಯಾ ನೋಡಿ. ಆಮೇಲೆ ನಡುವಿನ ಒಂದು ಪುಟ ತೆರೆಯಿರಿ. ಮುಚ್ಚಿದ ಬಾಗಿಲ ಹಿಂದೆ ಇಬ್ಬರೇ ಆಡಿದ ಮಾತು ಅರ್ಧ ಪುಟ ಇದ್ದು, ಇಬ್ಬರೂ ಈಗ ಇಲ್ಲದಿದ್ದರೆ, ಇದು ಲೇಖಕರಿಗೆ ಹೇಗೆ ಗೊತ್ತಾಯಿತು ಎಂದು ಪುಸ್ತಕದಲ್ಲೇ ಹುಡುಕಿ. ಉತ್ತರ ಸಿಕ್ಕರೆ ಜೀವನಚರಿತ್ರೆ ಎಂದು ಕೊಳ್ಳಿ. ಸಿಗದಿದ್ದರೂ ಬರಹ ಚೆನ್ನಾಗಿದ್ದರೆ ಕೊಳ್ಳಿ, ಮನೆಯಲ್ಲಿ ಕಾದಂಬರಿಗಳ ಸಾಲಿನಲ್ಲಿ ಇಡಿ.

ಪುಸ್ತಕ ಅಚ್ಚಾದ ಮೇಲೆ ಹೊಸ ಕಾಗದ ಸಿಕ್ಕಿ, ಬರೆದದ್ದು ಸುಳ್ಳಾದರೆ?

ಎರಡನೆಯ ಮುದ್ರಣದಲ್ಲಿ ತಿದ್ದಿ, ಎಲ್ಲಿ ತಿದ್ದಿದೆ ಎಂದು ಮುನ್ನುಡಿಯಲ್ಲಿ ಬರೆಯಿರಿ. ಎರಡನೆಯ ಮುದ್ರಣ ಆಗದಿದ್ದರೆ, ಆ ಕಾಗದದ ಪ್ರತಿಯನ್ನು ಊರಿನ ಗ್ರಂಥಾಲಯದಲ್ಲಿರುವ ನಿಮ್ಮ ಪುಸ್ತಕದೊಳಗೆ ಅಂಟಿಸಲು ಕೇಳಿಕೊಳ್ಳಿ. ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ.